ಕರುಳಿನ ಕಾಯಿಲೆ ಇಟ್ಟುಕೊಂಡು ಆಸ್ಪತ್ರೆ ಡ್ಯೂಟಿ: ಸೋಂಕು ತಾಗದ ಹಾಗೆ ನೋಡಿಕೊಳ್ಳುವುದು ಹೇಗೆ?

ಹೋದ ವರ್ಷ ನಮ್ಮ ವಾರ್ಡಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನೈಟ್ ಡ್ಯೂಟಿಯಲ್ಲಿ ನನ್ನ ಪಕ್ಕ ಬಂದು ಕೂತಳು. "ಅಕ್ಕಾ, ನಿಮಗೂ ಕೊಲೈಟಿಸ್ ಇದೆಯಂತೆ, ಹೌದಾ?" ಅಂತ ಮೆಲ್ಲಗೆ ಕೇಳಿದಳು. ಅವಳಿಗೂ ಇತ್ತು. ಕಾಯಿಲೆಯನ್ನು ಹಿಡಿತದಲ್ಲಿಡುವ ಅಜಾಥಿಯೋಪ್ರಿನ್ ಮಾತ್ರೆ ಶುರುವಾಗಿ 4 ತಿಂಗಳಾಗಿದ್ದಾಗ ಯಾರೋ ಅವಳಿಗೆ, "ಆ ಮಾತ್ರೆ ತಗೊಂಡರೆ ಮೈಯಲ್ಲಿ ರೋಗ ತಡೆಯೋ ಶಕ್ತಿನೇ ಇರಲ್ಲ, ನೀನು ಬೇರೆ ಆಸ್ಪತ್ರೆಯಲ್ಲಿ ಇರ್ತೀಯ" ಅಂದಿದ್ದರು. ಹೆದರಿಕೊಂಡು ಯಾರಿಗೂ ಹೇಳದೆ ಮಾತ್ರೆ ಬಿಟ್ಟಳು. ಎರಡು ತಿಂಗಳಲ್ಲಿ ದಿನಕ್ಕೆ ಹತ್ತು ಸಲ ರಕ್ತಭೇದಿ. ಕೊನೆಗೆ 40 ಮಿ.ಗ್ರಾಂ ಪ್ರೆಡ್ನಿಸೋಲೋನ್ ಅನ್ನುವ ಸ್ಟೆರಾಯ್ಡ್ ಶುರು ಮಾಡಬೇಕಾಯಿತು. ಸೋಂಕಿಗೆ ಹೆದರಿ ಒಂದು ಮಾತ್ರೆ ಬಿಟ್ಟಳು, ಸೋಂಕಿಗೆ ಅದಕ್ಕಿಂತ ಜಾಸ್ತಿ ಬಾಗಿಲು ತೆರೆಯುವ ಮಾತ್ರೆ ಕೈಗೆ ಬಂತು.

ಅವತ್ತು ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ನಾನು ಸ್ಟಾಫ್ ನರ್ಸ್, ಡಾಕ್ಟರ್ ಅಲ್ಲ. 9 ವರ್ಷದಿಂದ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳು ಊದಿಕೊಂಡು ಹುಣ್ಣಾಗುವ ಕಾಯಿಲೆ) ಇದೆ, ಅಷ್ಟೂ ವರ್ಷ ವಾರ್ಡಿನಲ್ಲೇ ಕೆಲಸ. ಅಲ್ಸರೇಟಿವ್ ಕೊಲೈಟಿಸ್ ಅಥವಾ ಅದರ ಹಾಗೇ ಕರುಳು ಊದಿಕೊಳ್ಳುವ ಕ್ರೋನ್ಸ್ ಇರುವ ನರ್ಸುಗಳು, ಲ್ಯಾಬ್ ಟೆಕ್ನಿಷಿಯನ್ನರು, ಆಯಾಗಳು, ಹೌಸ್‌ಕೀಪಿಂಗ್‌ನವರು, ಆಶಾ ಕಾರ್ಯಕರ್ತೆಯರು, ಪಿಜಿ ಮಾಡುತ್ತಿರುವ ಡಾಕ್ಟರುಗಳು, ಎಲ್ಲರಿಗೂ ಇದು ಉಪಯೋಗಕ್ಕೆ ಬರುತ್ತದೆ ಅಂದುಕೊಂಡಿದ್ದೇನೆ. ಐಬಿಎಸ್ ಬೇರೆ ಕಾಯಿಲೆ. ಅದರಲ್ಲಿ ಕರುಳಿಗೆ ಹುಣ್ಣಾಗುವುದಿಲ್ಲ, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧವನ್ನೂ ಕೊಡುವುದಿಲ್ಲ. ಐಬಿಎಸ್ ಇರುವವರು ಇದನ್ನು ಓದಿ ಸುಮ್ನೆ ಗಾಬರಿ ಆಗಬೇಡಿ.

ಮೊದಲ ಹೆಜ್ಜೆ: ನೀವು ಏನು ತಗೊಳ್ಳುತ್ತಿದ್ದೀರಿ ಅಂತ ಸರಿಯಾಗಿ ನೋಡಿ

ಕಾಯಿಲೆಯ ಹೆಸರು ಒಂದೇ ಆದರೂ ಅಪಾಯ ಎಲ್ಲರಿಗೂ ಒಂದೇ ಅಲ್ಲ. ನೀವು ಯಾವ ಔಷಧ ತಗೊಳ್ಳುತ್ತೀರಿ, ಈಗ ಕಾಯಿಲೆ ಕೆರಳಿದೆಯಾ ತಣ್ಣಗಿದೆಯಾ, ತೂಕ ಇಳಿದಿದೆಯಾ, ಇವುಗಳ ಮೇಲೆ ಅದು ನಿಂತಿದೆ. ಹಾಗಾಗಿ ಮೊದಲು ಔಷಧಿ ಚೀಟಿ ತೆಗೆದು ಮುಂದೆ ಇಟ್ಟುಕೊಳ್ಳಿ.

ಮೆಸಲಮೈನ್ ಅಥವಾ ಸಲ್ಫಾಸಲಜೀನ್ ಮಾತ್ರ ಇದ್ದರೆ ನೆಮ್ಮದಿಯಾಗಿರಿ. ಅವು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಗುಂಪಿಗೆ ಸೇರುವುದಿಲ್ಲ. ಪಕ್ಕದ ಸಿಸ್ಟರ್ ಎಷ್ಟು ಹುಷಾರಾಗಿರಬೇಕೋ ನೀವೂ ಹೆಚ್ಚುಕಡಿಮೆ ಅಷ್ಟೇ ಹುಷಾರಾಗಿದ್ದರೆ ಸಾಕು.

ಪ್ರೆಡ್ನಿಸೋಲೋನ್ ಇದ್ದರೆ ಡೋಸ್ ನೋಡಿ. ದಿನಕ್ಕೆ 20 ಮಿ.ಗ್ರಾಂ ಅಥವಾ ಅದಕ್ಕಿಂತ ಜಾಸ್ತಿ, 2 ವಾರ ಅಥವಾ ಅದಕ್ಕಿಂತ ಜಾಸ್ತಿ ದಿನ ಆಗಿದ್ದರೆ ನಿಮ್ಮ ರಕ್ಷಣೆ ನಿಜವಾಗಿಯೂ ಕುಗ್ಗಿದೆ ಅಂತಲೇ ಲೆಕ್ಕ. 2020ರಲ್ಲಿ ಕೋವಿಡ್ ಬಂದಾಗ ಇಂಥ ಕರುಳಿನ ಕಾಯಿಲೆ ಇರುವವರ ಮಾಹಿತಿ ಕಲೆಹಾಕಲು ಸೆಕ್ಯೂರ್-ಐಬಿಡಿ ಅಂತ ಒಂದು ಅಂತರರಾಷ್ಟ್ರೀಯ ದಾಖಲೆ ಶುರುವಾಯಿತು. ಅದರ ಮೊದಲ ವರದಿಯಲ್ಲಿ 525 ಜನರ ವಿವರ ಇತ್ತು. ಕೋವಿಡ್ ಜೋರಾಗುವುದಕ್ಕೂ ಸ್ಟೆರಾಯ್ಡ್‌ಗೂ ನಂಟು ಕಂಡಿತು, ಎಲ್ಲರೂ ಹೆದರುತ್ತಿದ್ದ ಆಂಟಿ-ಟಿಎನ್ಎಫ್ (ಉರಿಯೂತ ಎಬ್ಬಿಸುವ ಟಿಎನ್ಎಫ್ ಅನ್ನುವ ವಸ್ತುವನ್ನು ತಡೆಯುವ) ಇಂಜೆಕ್ಷನ್‌ಗಳಿಗೆ ಅಂಥ ನಂಟು ಕಾಣಲಿಲ್ಲ. ನನಗಂತೂ ಇದು ಮನಸ್ಸಿನಲ್ಲಿ ಅಚ್ಚೊತ್ತಿದ ಹಾಗೆ ಉಳಿಯಿತು. ಕಾಯಿಲೆಯನ್ನು ಹಿಡಿತದಲ್ಲಿಟ್ಟು ಸ್ಟೆರಾಯ್ಡ್‌ನಿಂದ ದೂರ ಇರುವುದೇ ನಮ್ಮಂಥವರಿಗೆ ಸೋಂಕಿನ ವಿರುದ್ಧ ದೊಡ್ಡ ಕಾವಲು. ಅದಕ್ಕೇ ಕೇಳಿಕೊಳ್ಳುತ್ತೇನೆ, ದಿನನಿತ್ಯದ ಮಾತ್ರೆಯನ್ನು ನಿಮ್ಮಷ್ಟಕ್ಕೆ ನೀವೇ ಬಿಡಬೇಡಿ.

ಅಜಾಥಿಯೋಪ್ರಿನ್ ತಗೊಳ್ಳುವವರು ಸಿಬಿಸಿ, ಅಂದರೆ ರಕ್ತಕಣ ಎಣಿಸುವ ಪರೀಕ್ಷೆ, ತಪ್ಪಿಸಬಾರದು. ಶುರುವಿನ ವಾರಗಳಲ್ಲಿ ಮೇಲಿಂದ ಮೇಲೆ ಮಾಡಿಸಬೇಕು, ಆಮೇಲೆ 3 ತಿಂಗಳಿಗೊಮ್ಮೆಯಾದರೂ. ನಮ್ಮ ದೇಶದವರಲ್ಲಿ ಎನ್‌ಯುಡಿಟಿ15 ಅನ್ನುವ ಜೀನ್‌ನಲ್ಲಿ ವ್ಯತ್ಯಾಸ ಇರುವವರು ಸಾಕಷ್ಟಿದ್ದಾರೆ, ಅಂಥವರಿಗೆ ಸಣ್ಣ ಡೋಸಿಗೇ ಬಿಳಿ ರಕ್ತಕಣ ದಿಢೀರನೆ ಕುಸಿಯಬಹುದು. ಮಾತ್ರೆ ಶುರುವಾದ ಮೊದಲ ತಿಂಗಳಲ್ಲೇ ಬಾಚಣಿಗೆಗೆ ಕೂದಲು ಗೊಂಚಲು ಗೊಂಚಲಾಗಿ ಬಂದರೆ ಅದನ್ನು ನೀರು ಬದಲಾಗಿದ್ದಕ್ಕೆ, ಶಾಂಪೂಗೆ ಹಾಕಬೇಡಿ. ಅವತ್ತೇ ಸಿಬಿಸಿ ಮಾಡಿಸಿ. ಲ್ಯಾಬ್ ನಮ್ಮ ಕಟ್ಟಡದಲ್ಲೇ ಇರುತ್ತದೆ, ಆದರೂ ನಮ್ಮ ರಕ್ತ ಕೊಡುವುದಕ್ಕೆ ನಮಗೆ ಪುರುಸೊತ್ತು ಸಿಗುವುದಿಲ್ಲ, ಅಲ್ವಾ?

ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್ ಅನ್ನುವ ಆಂಟಿ-ಟಿಎನ್ಎಫ್ ಇಂಜೆಕ್ಷನ್ ಇದ್ದರೆ ಟಿಬಿ ಬಗ್ಗೆ ವಿಶೇಷ ಎಚ್ಚರ ಬೇಕು, ಅದನ್ನು ಕೆಳಗೆ ಬರೆದಿದ್ದೇನೆ. ಟೋಫಾಸಿಟಿನಿಬ್ ಮಾತ್ರೆಗೆ ಸರ್ಪಸುತ್ತಿನ ಭಯ ಜಾಸ್ತಿ. ವೆಡೋಲಿಜುಮ್ಯಾಬ್ ಹೆಚ್ಚಾಗಿ ಕರುಳಲ್ಲೇ ಕೆಲಸ ಮಾಡುವುದರಿಂದ ಮೈಯ ಉಳಿದ ಭಾಗದ ರಕ್ಷಣೆಗೆ ಅಷ್ಟು ಏಟು ಬೀಳುವುದಿಲ್ಲ. ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಇದ್ದರೆ ಅಪಾಯ ಏರುತ್ತದೆ. ಸ್ಟೆರಾಯ್ಡ್ ಸೇರಿಸಿ 3 ಔಷಧ ನಡೆಯುತ್ತಿದ್ದರೆ ನ್ಯುಮೋಸಿಸ್ಟಿಸ್ ನ್ಯುಮೋನಿಯಾ ಬರದ ಹಾಗೆ ಕೋಟ್ರೈಮಾಕ್ಸಜೋಲ್ ಬೇಕಾ ಅಂತ ಡಾಕ್ಟರನ್ನು ಕೇಳಿ.

ಎರಡನೇ ಹೆಜ್ಜೆ: ಲಸಿಕೆ ಲೆಕ್ಕ ಚುಕ್ತಾ ಮಾಡಿ

ಇದನ್ನು ಜೋರು ಔಷಧ ಶುರುವಾಗುವ ಮುಂಚೆಯೇ ಮುಗಿಸಿದರೆ ಒಳ್ಳೆಯದು. ಔಷಧ ಶುರುವಾದ ಮೇಲೆ ಕೆಲವು ಲಸಿಕೆ ಹಾಕುವ ಹಾಗೇ ಇಲ್ಲ, ಉಳಿದವು ಅರ್ಧಂಬರ್ಧ ಹಿಡಿಯುತ್ತವೆ. ಹಾಗಂತ ಈಗಾಗಲೇ ಔಷಧ ತಗೊಳ್ಳುತ್ತಿರುವವರು ಕೈಚೆಲ್ಲಬೇಕಿಲ್ಲ.

ಹೆಪಟೈಟಿಸ್ ಬಿ ಮೊದಲು. ನಾವೆಲ್ಲ ಕೋರ್ಸ್ ಮಾಡುವಾಗ 0, 1, 6 ತಿಂಗಳ ಲೆಕ್ಕದಲ್ಲಿ 3 ಡೋಸ್ ಹಾಕಿಸಿಕೊಂಡಿರುತ್ತೇವೆ, ಅಲ್ಲಿಗೆ ಮರೆತುಬಿಡುತ್ತೇವೆ. ಅದು ಹಿಡಿಯಿತಾ ಅಂತ ನೋಡಿದವರು ಕಡಿಮೆ. ನಾನೂ ನೋಡಿರಲಿಲ್ಲ. ಕೊಲೈಟಿಸ್ ಗೊತ್ತಾದ ಮೇಲೆ ಡಾಕ್ಟರ್ ಬರೆದುಕೊಟ್ಟರು ಅಂತ ಆಂಟಿ-ಎಚ್‌ಬಿಎಸ್ ಟೈಟರ್ (ಲಸಿಕೆಯಿಂದ ಎಷ್ಟು ರಕ್ಷಣೆ ಬಂದಿದೆ ಅಂತ ಅಳೆಯುವ ರಕ್ತ ಪರೀಕ್ಷೆ) ಮಾಡಿಸಿದರೆ 4 ಬಂತು. ಕನಿಷ್ಠ 10 ಇರಬೇಕು. ಅಷ್ಟು ವರ್ಷ ನಾನು ಲಸಿಕೆ ಆಗಿದೆ ಅನ್ನುವ ಧೈರ್ಯದಲ್ಲಿ ಕ್ಯಾನುಲಾ ಹಾಕುತ್ತಾ ಓಡಾಡುತ್ತಿದ್ದೆ. ಬೂಸ್ಟರ್ ಹಾಕಿಸಿಕೊಂಡು ಮತ್ತೆ ಟೈಟರ್ ನೋಡಿದ ಮೇಲೆ ಸಮಾಧಾನ ಆಯಿತು. ನೀವೂ ಟೈಟರ್ ಮಾಡಿಸಿ. ಲಸಿಕೆಯ ಕೊನೆ ಡೋಸ್ ಆಗಿ 1-2 ತಿಂಗಳಿಗೆ ನೋಡಬೇಕು. ಅಜಾಥಿಯೋಪ್ರಿನ್ ಅಥವಾ ಆಂಟಿ-ಟಿಎನ್ಎಫ್ ಮೇಲೆ ಇರುವವರಿಗೆ ಸಾಮಾನ್ಯ ಡೋಸ್ ಸಾಲದೆ ಹೋಗಬಹುದು, ಆಗ ಡಬಲ್ ಡೋಸ್ ಹಾಕುತ್ತಾರೆ. ಟೈಟರ್ ಜೊತೆಗೆ ಎಚ್‌ಬಿಎಸ್‌ಎಜಿ ಮತ್ತು ಆಂಟಿ-ಎಚ್‌ಬಿಸಿ ಕೂಡ ಮಾಡಿಸಿ, ವೈರಸ್ ಮೈಯಲ್ಲಿ ಇದೆಯಾ, ಹಿಂದೆ ಬಂದಿತ್ತಾ ಅಂತ ಅವು ತಿಳಿಸುತ್ತವೆ. ಹಳೆಯ ವೈರಸ್ ಲಿವರ್‌ನಲ್ಲಿ ಮಲಗಿದ್ದರೆ ಈ ಔಷಧಗಳು ಅದನ್ನು ಎಬ್ಬಿಸಬಹುದು.

ಎರಡನೆಯದು ಚಿಕನ್‌ಪಾಕ್ಸ್. ಊರಿಗೆ ಫೋನ್ ಮಾಡಿ "ಚಿಕ್ಕವಳಿದ್ದಾಗ ನನಗೆ ಅಮ್ಮ ಆಗಿತ್ತಾ?" ಅಂತ ಮನೆಯ ಹಿರಿಯರನ್ನು ಕೇಳಿ. ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದು, ನೀರು ಹಾಕಿದ ದಿನ, ಎಲ್ಲ ಅವರಿಗೆ ನೆನಪಿರುತ್ತದೆ. ನಮ್ಮಂಥ ಬಿಸಿ ನಾಡಿನಲ್ಲಿ ಎಷ್ಟೋ ಜನ ಚಿಕನ್‌ಪಾಕ್ಸ್ ಬಾರದೆಯೇ ದೊಡ್ಡವರಾಗುತ್ತಾರೆ, ದೊಡ್ಡವರಿಗೆ ಬಂದರೆ ಅದು ಜೋರು, ಸ್ಟೆರಾಯ್ಡ್ ಮೇಲೆ ಇರುವವರಿಗೆ ಬಂದರೆ ಶ್ವಾಸಕೋಶ, ಲಿವರ್‌ವರೆಗೂ ಹೋಗಬಹುದು. ಬಂದಿದ್ದು ಖಚಿತ ಇಲ್ಲದಿದ್ದರೆ ವೆರಿಸೆಲ್ಲಾ ಐಜಿಜಿ ಅನ್ನುವ ರಕ್ತ ಪರೀಕ್ಷೆ ಮಾಡಿಸಿ. ಇಲ್ಲ ಅಂತ ಬಂದು, ಜೋರು ಔಷಧ ಇನ್ನೂ ಶುರುವಾಗಿಲ್ಲ ಅಂದರೆ ಲಸಿಕೆ ಹಾಕಿಸಿಕೊಳ್ಳಬಹುದು. ಇದು ಜೀವಂತ ಲಸಿಕೆ (ಬಲ ಕುಗ್ಗಿಸಿದ ಜೀವಂತ ರೋಗಾಣು ಇರುವಂಥದ್ದು), ಕೊನೆ ಡೋಸಿಗೂ ಔಷಧಕ್ಕೂ ಕನಿಷ್ಠ 4 ವಾರ ಅಂತರ ಬೇಕು. ಔಷಧ ಶುರುವಾಗಿಬಿಟ್ಟಿದ್ದರೆ ಹಾಕಿಸಬಾರದು. ಆಗ ವಾರ್ಡಿಗೆ ಚಿಕನ್‌ಪಾಕ್ಸ್ ಕೇಸ್ ಬಂದರೆ ಬೇರೆಯವರಿಗೆ ಬಿಟ್ಟುಕೊಡಿ. ಗೊತ್ತಿಲ್ಲದೆ ಹತ್ತಿರ ಹೋಗಿದ್ದರೆ ಗುಳ್ಳೆ ಏಳುವವರೆಗೆ ಕಾಯಬೇಡಿ, ಅವತ್ತೇ ಡಾಕ್ಟರಿಗೆ ಹೇಳಿ.

ಜೀವಂತ ಲಸಿಕೆಗಳ ಪಟ್ಟಿಯಲ್ಲಿ ಎಂಎಂಆರ್, ಬಿಸಿಜಿ, ಹಳದಿ ಜ್ವರದ ಲಸಿಕೆ, ಮೂಗಿಗೆ ಸಿಂಪಡಿಸುವ ಫ್ಲೂ ಲಸಿಕೆ ಬರುತ್ತವೆ. ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ: ನಮ್ಮ ದೇಶದಲ್ಲಿ ಹೆಪಟೈಟಿಸ್ ಎ ಲಸಿಕೆ ಎರಡು ಥರ ಸಿಗುತ್ತದೆ, ಒಂದು ಜೀವಂತ, ಇನ್ನೊಂದು ಅಲ್ಲ. ಫಾರ್ಮಸಿಯಲ್ಲಿ ಕೊಟ್ಟಿದ್ದನ್ನು ಹಾಗೇ ಚುಚ್ಚಿಸಿಕೊಳ್ಳಬೇಡಿ, ಡಬ್ಬದ ಮೇಲೆ ಓದಿ. ಫ್ಲೂ ಇಂಜೆಕ್ಷನ್, ನ್ಯುಮೋಕಾಕಲ್, ಟೈಫಾಯ್ಡ್ ಕಾಂಜುಗೇಟ್ ಲಸಿಕೆ, ಇವು ಯಾವುವೂ ಜೀವಂತ ಅಲ್ಲ, ಯಾವ ಔಷಧದ ಮೇಲಿದ್ದರೂ ಹಾಕಿಸಬಹುದು. ಫ್ಲೂ ಪ್ರತಿ ವರ್ಷ, ಮಳೆಗಾಲ ಹಿಡಿಯುವ ಮುಂಚೆ. ಸರ್ಪಸುತ್ತಿಗೆ ಜೀವಂತವಲ್ಲದ ಶಿಂಗ್ರಿಕ್ಸ್ 2023ರಿಂದ ಇಲ್ಲೂ ಸಿಗುತ್ತಿದೆ. ಬೆಲೆ ದುಬಾರಿ, ಆದರೆ ಟೋಫಾಸಿಟಿನಿಬ್ ತಗೊಳ್ಳುವವರು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಲಸಿಕೆ ಇಲ್ಲದೆ ಸರ್ಪಸುತ್ತು ಬಂದೇಬಿಟ್ಟರೆ ಕೆಮ್ಮಣ್ಣು ಹಚ್ಚಿಸಿಕೊಂಡು ದಿನ ಕಳೆಯಬೇಡಿ. ವೈರಸ್ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾದರೆ ಕೆಲಸ ಚೆನ್ನಾಗಿ ಮಾಡುತ್ತದೆ.

ಪೋಲಿಯೋ ಹನಿ, ರೋಟಾವೈರಸ್ ಹನಿ ಎರಡೂ ಜೀವಂತ ಲಸಿಕೆ, ಮಗುವಿನ ಮಲದಲ್ಲಿ ಕೆಲವು ದಿನದಿಂದ ಕೆಲವು ವಾರದವರೆಗೆ ಬರುತ್ತವೆ. ಪಲ್ಸ್ ಪೋಲಿಯೋ ಡ್ಯೂಟಿ ಮಾಡುವ ಆಶಾ ಅಕ್ಕಂದಿರು, ಮನೆಯಲ್ಲಿ ಹಸುಗೂಸು ಇರುವವರು, ಕೈಯನ್ನು ಸೋಪಿನಲ್ಲಿ ತೊಳೆಯುವುದು ಬಿಡಬೇಡಿ.

ಬಸುರಿಯಾಗಿದ್ದಾಗ ಇನ್‌ಫ್ಲಿಕ್ಸಿಮ್ಯಾಬ್ ಅಥವಾ ಅಡಾಲಿಮುಮ್ಯಾಬ್ ತಗೊಂಡವರು ಇದನ್ನು ಎರಡು ಸಲ ಓದಿ. ಆ ಔಷಧ ಮಗುವಿನ ರಕ್ತಕ್ಕೂ ದಾಟಿರುತ್ತದೆ. ನಮ್ಮಲ್ಲಿ ಹುಟ್ಟಿದ ಮಗುವಿಗೆ ಡಿಸ್ಚಾರ್ಜ್‌ಗೆ ಮುಂಚೆಯೇ ಬಿಸಿಜಿ ಹಾಕಿಬಿಡುತ್ತಾರೆ. ಇಂಥ ಮಗುವಿಗೆ ಕನಿಷ್ಠ 6 ತಿಂಗಳು ಬಿಸಿಜಿ ಹಾಕಬಾರದು, ಇನ್ನೂ ಜಾಸ್ತಿ ಕಾಯಿರಿ ಅನ್ನುವ ಡಾಕ್ಟರುಗಳೂ ಇದ್ದಾರೆ. ಇನ್‌ಫ್ಲಿಕ್ಸಿಮ್ಯಾಬ್ ತಗೊಂಡಿದ್ದ ತಾಯಿಯ ಮಗುವೊಂದು ಬಿಸಿಜಿಯ ಸೋಂಕು ಮೈಯೆಲ್ಲ ಹರಡಿ ತೀರಿಕೊಂಡಿದ್ದು 2010ರಲ್ಲಿ ವರದಿಯಾಗಿದೆ. ಲೇಬರ್ ರೂಮಿಗೆ ಹೋಗುವ ಮುಂಚೆಯೇ ಮಕ್ಕಳ ಡಾಕ್ಟರಿಗೆ ಹೇಳಿ, ಕೇಸ್ ಶೀಟಿನ ಮೇಲೆ ಕೆಂಪು ಅಕ್ಷರದಲ್ಲಿ ಬರೆಸಿ.

ಮೂರನೇ ಹೆಜ್ಜೆ: ಟಿಬಿ

ಉಳಿದದ್ದೆಲ್ಲ ಮರೆತರೂ ಇದನ್ನು ಮರೆಯಬೇಡಿ. ಜಗತ್ತಿನ ಟಿಬಿ ರೋಗಿಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರು ನಮ್ಮ ದೇಶದಲ್ಲಿದ್ದಾರೆ, ಅವರಲ್ಲಿ ಬಹಳ ಜನ ಕೆಮ್ಮುತ್ತಾ ಮೊದಲು ಬರುವುದು ನಮ್ಮ ಓಪಿಡಿಗೇ, ಆಗ ಅವರಿಗೆ ಟಿಬಿ ಅಂತ ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ನಮ್ಮಲ್ಲಿ ಎಷ್ಟೋ ಜನರ ಮೈಯಲ್ಲಿ ಟಿಬಿ ರೋಗಾಣು ಈಗಾಗಲೇ ಸದ್ದಿಲ್ಲದೆ ಮಲಗಿದೆ. ದೇಹ ಅದರ ಸುತ್ತ ಒಂದು ಗೋಡೆ ಕಟ್ಟಿರುತ್ತದೆ. ಆ ಗೋಡೆ ನಿಲ್ಲುವುದಕ್ಕೆ ಟಿಎನ್ಎಫ್ ಬೇಕು. ಆಂಟಿ-ಟಿಎನ್ಎಫ್ ಔಷಧ ಅದನ್ನೇ ತಡೆಯುತ್ತದೆ.

2001ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ವರದಿಯಲ್ಲಿ ಇನ್‌ಫ್ಲಿಕ್ಸಿಮ್ಯಾಬ್ ತಗೊಂಡ ಮೇಲೆ ಟಿಬಿ ಬಂದ 70 ಜನರ ವಿವರ ಇತ್ತು. ಅವರಲ್ಲಿ 40 ಜನರಿಗೆ ಟಿಬಿ ಶ್ವಾಸಕೋಶದ ಹೊರಗೆ ಬಂದಿತ್ತು. ಅಂದರೆ ಕೆಮ್ಮು ಬರಲಿ ನೋಡೋಣ ಅಂತ ಕಾದರೆ ಆಗುವುದಿಲ್ಲ. ಸಂಜೆ ಸಂಜೆ ಜ್ವರ, ರಾತ್ರಿ ಬೆವರು, ಕುತ್ತಿಗೆಯಲ್ಲಿ ಗಂಟು, ಹೊಟ್ಟೆ ಉಬ್ಬರ, ಕಾರಣ ಇಲ್ಲದೆ ತೂಕ ಇಳಿಯುವುದು, ಇವೂ ಟಿಬಿ ಆಗಿರಬಹುದು. ತೂಕ ಇಳಿದರೆ ನಾವು ತಕ್ಷಣ ಕರುಳಿನ ತಲೆಗೆ ಕಟ್ಟುತ್ತೇವೆ, ಅಲ್ಲೇ ಎಡವುವುದು.

ಏನು ಮಾಡಬೇಕು? ಆಂಟಿ-ಟಿಎನ್ಎಫ್ ಅಥವಾ ಟೋಫಾಸಿಟಿನಿಬ್ ಶುರುವಾಗುವ ಮುಂಚೆ ಎದೆಯ ಎಕ್ಸ್‌ರೇ, ಮಾಂಟೂ (ಚರ್ಮಕ್ಕೆ ಚುಚ್ಚಿ ಊತ ಅಳೆಯುವ ಟಿಬಿ ಪರೀಕ್ಷೆ) ಮತ್ತು ಐಜಿಆರ್‌ಎ ರಕ್ತ ಪರೀಕ್ಷೆ ಮಾಡಿಸಿ. ಆದರೆ ಸ್ಟೆರಾಯ್ಡ್ ಶುರುವಾಗುವ ಮುಂಚೆಯೇ ಮಾಡಿಸಿಬಿಡಿ, ಸ್ಟೆರಾಯ್ಡ್ ಮೇಲೆ ಇದ್ದಾಗ ಸೋಂಕು ಇದ್ದರೂ ಇಲ್ಲ ಅಂತ ಬರುವ ಸಾಧ್ಯತೆ ಇದೆ. ಮಾಂಟೂ 5 ಮಿ.ಮೀ. ಬಂದರೂ ನಮ್ಮಂಥವರಲ್ಲಿ ಪಾಸಿಟಿವ್ ಅಂತಲೇ ನೋಡುತ್ತಾರೆ. ಮಲಗಿರುವ ಸೋಂಕು ಇದೆ ಅಂತಾದರೆ ಟಿಬಿ ತಡೆಯುವ ಕೋರ್ಸ್ ಇದೆ: ಐಸೋನಿಯಜಿಡ್ ದಿನಾ 6 ತಿಂಗಳು, ಇಲ್ಲವೇ ಐಸೋನಿಯಜಿಡ್ ಮತ್ತು ರಿಫಾಪೆಂಟಿನ್ ವಾರಕ್ಕೊಮ್ಮೆ 12 ವಾರ. ಇದು ಶುರುವಾಗಿ ಸುಮಾರು ಒಂದು ತಿಂಗಳಾದ ಮೇಲೆ ಇಂಜೆಕ್ಷನ್ ಶುರು ಮಾಡುತ್ತಾರೆ. ಅಜಾಥಿಯೋಪ್ರಿನ್ ಕೂಡ ನಡೆಯುತ್ತಿದ್ದರೆ ಎಲ್‌ಎಫ್‌ಟಿ (ಲಿವರ್ ಪರೀಕ್ಷೆ) ಮಾಡಿಸುತ್ತಾ ಇರಿ, ಎರಡೂ ಲಿವರ್ ಮೇಲೆ ಬೀಳುತ್ತವೆ. ರಿಫಾಪೆಂಟಿನ್, ರಿಫಾಂಪಿಸಿನ್ ಎರಡೂ ಸ್ಟೆರಾಯ್ಡ್, ಟೋಫಾಸಿಟಿನಿಬ್‌ಗಳ ಬಲ ಕುಗ್ಗಿಸುತ್ತವೆ, ಆದ್ದರಿಂದ ಯಾವ ಕೋರ್ಸ್ ಅನ್ನುವುದನ್ನು ಗ್ಯಾಸ್ಟ್ರೋ ಡಾಕ್ಟರೇ ನಿರ್ಧರಿಸಲಿ. ಪರೀಕ್ಷೆ ನೆಗೆಟಿವ್ ಬಂದ ಮಾತ್ರಕ್ಕೆ ಕಥೆ ಮುಗಿಯುವುದಿಲ್ಲ, ಯಾಕೆಂದರೆ ನಾವು ದಿನಾ ಅದೇ ಗಾಳಿಗೆ ವಾಪಸ್ ಹೋಗುತ್ತೇವೆ.

ಆ ಗಾಳಿ ವಿಷಯಕ್ಕೆ ಬರೋಣ. ಸರ್ಜಿಕಲ್ ಮಾಸ್ಕ್ ಟಿಬಿಯಿಂದ ನಿಮ್ಮನ್ನು ಕಾಪಾಡುವುದಿಲ್ಲ. ಅದನ್ನು ಕೆಮ್ಮುವ ಪೇಷಂಟಿಗೆ ಹಾಕಿ, ನೀವು ಎನ್95 ಹಾಕಿಕೊಳ್ಳಿ. ಎನ್95 ಹಾಕುವುದರಲ್ಲೂ ನಾವು ತಪ್ಪು ಮಾಡುತ್ತೇವೆ. ನಮ್ಮ ವಾರ್ಡಿನಲ್ಲಿ ನೋಡುತ್ತಿರುತ್ತೇನೆ, ತುರುಬಿನ ಮೇಲೆ ಮೇಲಿನ ಪಟ್ಟಿ ನಿಲ್ಲುವುದಿಲ್ಲ ಅಂತ ಎರಡೂ ಪಟ್ಟಿಯನ್ನು ಕುತ್ತಿಗೆಗೇ ಇಳಿಸಿರುತ್ತಾರೆ. ಆಗ ಕೆನ್ನೆಯ ಹತ್ತಿರ ಬೆರಳು ತೂರುವಷ್ಟು ಸಂದು ಉಳಿಯುತ್ತದೆ. ತುರುಬನ್ನು ಸ್ವಲ್ಪ ಕೆಳಗೆ ಕಟ್ಟಿ. ಮೇಲಿನ ಪಟ್ಟಿ ನೆತ್ತಿಯ ಹಿಂದೆ, ಕೆಳಗಿನದು ಕಿವಿಯ ಕೆಳಗೆ ಕುತ್ತಿಗೆಗೆ. ಮೂಗಿನ ಮೇಲಿನ ತಂತಿಯನ್ನು ಒಂದೇ ಕೈಯಲ್ಲಿ ಚಿವುಟಬೇಡಿ, ಎರಡೂ ಕೈಯ ಬೆರಳುಗಳಿಂದ ಎರಡೂ ಕಡೆ ಒತ್ತಿ. ಆಮೇಲೆ ಮಾಸ್ಕಿನ ಮೇಲೆ ಅಂಗೈ ಇಟ್ಟು ಜೋರಾಗಿ ಉಸಿರು ಬಿಡಿ. ಕಣ್ಣಿಗೆ ಗಾಳಿ ತಾಗಿದರೆ, ಕನ್ನಡಕ ಮಂಜಾದರೆ, ಮೇಲೆ ಸಂದು ಇದೆ ಅಂತ ಅರ್ಥ. ಗಡ್ಡ ಬಿಟ್ಟ ಬ್ರದರ್‌ಗಳಿಗೆ ಎನ್95 ಸರಿಯಾಗಿ ಕೂರುವುದೇ ಇಲ್ಲ.

ಓಪಿಡಿಯಲ್ಲಿ ಕುರ್ಚಿ ಎಲ್ಲಿದೆ ಅಂತಲೂ ನೋಡಿ. ಗಾಳಿ ನಿಮ್ಮ ಕಡೆಯಿಂದ ಪೇಷಂಟ್ ಕಡೆಗೆ ಹೋಗಬೇಕು, ಅವರ ಕಡೆಯಿಂದ ನಿಮ್ಮ ಮುಖಕ್ಕೆ ಬರಬಾರದು. ಗಾಳಿ ಬರುವ ಕಿಟಕಿ ನಿಮ್ಮ ಬೆನ್ನ ಹಿಂದೆ ಇರುವ ಹಾಗೆ ಟೇಬಲ್ ತಿರುಗಿಸಿ. ಇದಕ್ಕೆ ಯಾರ ಪರ್ಮಿಷನ್ನೂ ಬೇಕಾಗಿಲ್ಲ, ದುಡ್ಡೂ ಬೇಕಾಗಿಲ್ಲ. ಕಫದ ಸ್ಯಾಂಪಲ್ ಅನ್ನು ಮುಚ್ಚಿದ ರೂಮಿನಲ್ಲಿ, ಬಾತ್‌ರೂಮಿನಲ್ಲಿ ತೆಗೆಸಬೇಡಿ, ಬಯಲಿನಲ್ಲಿ ತೆಗೆಸಿ. ಆಂಟಿ-ಟಿಎನ್ಎಫ್ ಮೇಲೆ ಇರುವವರು ಬ್ರಾಂಕೋಸ್ಕೋಪಿ ರೂಮು, ಕಫ ತೆಗೆಸುವ ಜಾಗ, ಔಷಧಕ್ಕೆ ಬಗ್ಗದ ಟಿಬಿಯ ವಾರ್ಡು, ಈ ಮೂರು ಪೋಸ್ಟಿಂಗ್ ಬೇಡ ಅಂತ ಕೇಳಿಕೊಳ್ಳಿ.

ನಾಲ್ಕನೇ ಹೆಜ್ಜೆ: ಕೈ, ಬೆಡ್‌ಪ್ಯಾನ್, ಮತ್ತು ಸುಳ್ಳು ಫ್ಲೇರ್

ಆಸ್ಪತ್ರೆಯಲ್ಲಿ ಆಂಟಿಬಯೋಟಿಕ್ ಜಾಸ್ತಿ ತಗೊಂಡ ಪೇಷಂಟುಗಳಿಗೆ ಸಿ. ಡಿಫ್ ಅನ್ನುವ ಬ್ಯಾಕ್ಟೀರಿಯಾದಿಂದ ಭೇದಿ ಆಗುತ್ತದೆ. ಇದರ ಬೀಜಕಣಗಳು ಸ್ಯಾನಿಟೈಸರ್‌ಗೆ ಸಾಯುವುದಿಲ್ಲ. ಬೆಡ್‌ಪ್ಯಾನ್ ಎತ್ತಿ, ಗ್ಲೌಸ್ ಬಿಚ್ಚಿ, ಗೋಡೆಯ ಮೇಲಿನ ಬಾಟಲಿ ಒತ್ತಿ ಕೈ ಉಜ್ಜಿಕೊಂಡರೆ ಬೀಜಕಣ ಕೈಯಲ್ಲೇ ಉಳಿಯುತ್ತದೆ. ಭೇದಿ ಪೇಷಂಟ್ ಮುಟ್ಟಿದ ಮೇಲೆ ಸೋಪು, ನೀರು, 40ರಿಂದ 60 ಸೆಕೆಂಡ್. ಉಂಗುರ ತೆಗೆಯಿರಿ. ಬಳೆ ಮೇಲೆ ಸರಿಸಿದರೆ ಸಾಲದು, ಡ್ಯೂಟಿಯಲ್ಲಿ ಬಳೆಯೇ ಬೇಡ. ತೊಳೆದ ಕೈಯನ್ನು ಸಿಂಕ್ ಪಕ್ಕ ಮೊಳೆಗೆ ನೇತುಹಾಕಿದ, ಎಲ್ಲರೂ ಒರೆಸಿಕೊಂಡು ಮಧ್ಯಾಹ್ನದ ಹೊತ್ತಿಗೆ ತೊಪ್ಪೆಯಾಗಿರುವ ಟವೆಲ್ಲಿಗೆ ಒರೆಸಿದರೆ ತೊಳೆದದ್ದೂ ಒಂದೇ, ಬಿಟ್ಟದ್ದೂ ಒಂದೇ. ಪೇಪರ್ ಟವೆಲ್ ಇಲ್ಲದಿದ್ದರೆ ಕೈ ಹಾಗೇ ಆರಲಿ, ಅಥವಾ ಚಿಕ್ಕ ಕರವಸ್ತ್ರಗಳನ್ನು ಮನೆಯಿಂದ ತಂದು ಒಂದು ಸಲಕ್ಕೆ ಒಂದು ಬಳಸಿ. ನಾನು ಹಾಗೇ ಮಾಡುತ್ತೇನೆ. ನೆಲಕ್ಕೆ, ಕಮೋಡಿಗೆ ಹೈಪೋಕ್ಲೋರೈಟ್ ಬೇಕು, ಅದನ್ನು ದಿನಾ ಹೊಸದಾಗಿ ಕಲಸಬೇಕು.

ಸಿ. ಡಿಫ್ ಬಂದರೆ ನಮಗೆ ಆಗುವುದೇನು? ಭೇದಿ, ಹೊಟ್ಟೆನೋವು, ಜ್ವರ, ಕೆಲವೊಮ್ಮೆ ರಕ್ತ. ನೋಡುವುದಕ್ಕೆ ಥೇಟ್ ಫ್ಲೇರ್, ಅಂದರೆ ನಮ್ಮ ಕಾಯಿಲೆಯೇ ಕೆರಳಿದ ಹಾಗೆ. ನಾವು ನಮ್ಮ ಕಾಯಿಲೆ ನಮಗೆ ಗೊತ್ತಿದೆ ಅಂದುಕೊಂಡು ಅಲ್ಮೇರಾದಲ್ಲಿ ಉಳಿದ ಪ್ರೆಡ್ನಿಸೋಲೋನ್ ಶುರು ಮಾಡಿಬಿಡುತ್ತೇವೆ. ಸೋಂಕಿನ ಮೇಲೆ ಸ್ಟೆರಾಯ್ಡ್ ಸುರಿದ ಹಾಗಾಗುತ್ತದೆ. ಪ್ರತಿ ಸಲ ಕಾಯಿಲೆ ಕೆರಳಿದಾಗಲೂ ಸ್ಟೆರಾಯ್ಡ್‌ಗೆ ಮುಂಚೆ ಮಲ ಪರೀಕ್ಷೆಗೆ ಕಳಿಸಿ, ಸಿ. ಡಿಫ್ ಟಾಕ್ಸಿನ್ ಅಂತ ಚೀಟಿಯಲ್ಲಿ ಬರೆಸಿ, ಅಮೀಬಾ ಕೂಡ ನೋಡಲು ಹೇಳಿ. ಸ್ಟೆರಾಯ್ಡ್ ಕೊಟ್ಟರೂ ರಕ್ತ ನಿಲ್ಲದಿದ್ದರೆ ಸಿಎಂವಿ ವೈರಸ್ ಇರಬಹುದು, ಅದಕ್ಕೆ ಸಿಗ್ಮಾಯ್ಡೋಸ್ಕೋಪಿ ಮಾಡಿ ಬಯಾಪ್ಸಿ ತೆಗೆಯುತ್ತಾರೆ.

ಇನ್ನೊಂದು ಅಭ್ಯಾಸ ನಮ್ಮಲ್ಲಿದೆ, ಬೇಜಾರು ಮಾಡಿಕೊಳ್ಳಬೇಡಿ. ಎರಡು ಸಲ ಲೂಸ್ ಮೋಷನ್ ಆದರೆ ಟ್ರಾಲಿಯಿಂದ ಒಂದು ಸಿಪ್ರೋ (ಆಂಟಿಬಯೋಟಿಕ್), ಒಂದು ಲೋಪೆರಮೈಡ್ (ಭೇದಿ ಕಟ್ಟುವ ಮಾತ್ರೆ). ಗ್ಯಾಸ್ ಅಂತ ದಿನಾ ಬೆಳಿಗ್ಗೆ ಪ್ಯಾಂಟೋಪ್ರಜೋಲ್. ಬೇಡದ ಆಂಟಿಬಯೋಟಿಕ್, ಬೇಡದ ಪ್ಯಾಂಟೋಪ್ರಜೋಲ್ ಎರಡೂ ಸಿ. ಡಿಫ್‌ಗೆ ದಾರಿ. ಕರುಳು ಊದಿಕೊಂಡಿದ್ದಾಗ ಲೋಪೆರಮೈಡ್ ಇನ್ನೂ ಅಪಾಯ.

ಐದನೇ ಹೆಜ್ಜೆ: ಸೂಜಿ ಚುಚ್ಚಿದರೆ

ಬೆರಳನ್ನು ಹಿಂಡಬೇಡಿ, ಬಾಯಿಗೆ ಇಟ್ಟುಕೊಳ್ಳಬೇಡಿ, ಅಯೋಡಿನ್, ಬ್ಲೀಚ್ ಸುರಿಯಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ. ಯಾವ ಪೇಷಂಟ್ ಅಂತ ಬರೆದುಕೊಂಡು ಡ್ಯೂಟಿ ಡಾಕ್ಟರಿಗೆ ಆ ಗಳಿಗೆಯಲ್ಲೇ ಹೇಳಿ. ಎಚ್‌ಐವಿ ತಡೆಯುವ ಮಾತ್ರೆಯನ್ನು 2 ಗಂಟೆಯೊಳಗೆ ಶುರು ಮಾಡಿದರೆ ಉತ್ತಮ, 72 ಗಂಟೆ ದಾಟಿದರೆ ಉಪಯೋಗವಿಲ್ಲ, ಕೋರ್ಸ್ 28 ದಿನ. ಚುಚ್ಚಿದ ಸೂಜಿಯಿಂದ ಎಚ್‌ಐವಿ ಬರುವ ಸಾಧ್ಯತೆ ಸುಮಾರು ಶೇ 0.3. ಹೆಪಟೈಟಿಸ್ ಬಿ ರಕ್ಷಣೆ ಇಲ್ಲದವರಿಗೆ ಅದು ಶೇ 30ರವರೆಗೂ ಹೋಗಬಹುದು. ಹಾಗಾಗಿ ನಿಮ್ಮ ಟೈಟರ್ ಎಷ್ಟು ಅಂತ ಆ ಹೊತ್ತಿಗೆ ಗೊತ್ತಿರಬೇಕು. 10ಕ್ಕಿಂತ ಕಡಿಮೆ ಇದ್ದರೆ ಹೆಪಟೈಟಿಸ್ ಬಿ ಇಮ್ಯುನೋಗ್ಲೋಬುಲಿನ್ ಬೇಕಾ ಅಂತ ಕೇಳಿ, 24 ಗಂಟೆಯೊಳಗೆ ಆದರೆ ಒಳ್ಳೆಯದು.

ಎಚ್‌ಐವಿ ತಡೆಯುವ ಕೋರ್ಸಿನಲ್ಲಿ ಈಗ ಡೋಲುಟೆಗ್ರಾವಿರ್ ಇರುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಜೊತೆಗೆ ಬಿದ್ದರೆ ಅದು ಮೈಗೆ ಸರಿಯಾಗಿ ಹಿಡಿಯುವುದಿಲ್ಲ. ನಮ್ಮಲ್ಲಿ ಬಹಳ ಜನ ರಕ್ತಹೀನತೆಗೆ ಕಬ್ಬಿಣ, ಸ್ಟೆರಾಯ್ಡ್ ಜೊತೆ ಕ್ಯಾಲ್ಸಿಯಂ ತಗೊಳ್ಳುತ್ತಿರುತ್ತೇವೆ. ಡೋಲುಟೆಗ್ರಾವಿರ್ ತಗೊಂಡು ಕನಿಷ್ಠ 2 ಗಂಟೆ ಬಿಟ್ಟು ಅವನ್ನು ತಗೊಳ್ಳಿ. ಇದನ್ನು ಕೌಂಟರಿನಲ್ಲಿ ಅವರಾಗಿ ಕೇಳಲಿಕ್ಕಿಲ್ಲ, ನೀವೇ ಹೇಳಬೇಕು.

ಆರನೇ ಹೆಜ್ಜೆ: ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಮಾತಾಡುವುದು

ನನಗೆ ಎಲ್ಲಕ್ಕಿಂತ ಕಷ್ಟ ಆಗಿದ್ದು ಇದು. ಮೊದಲು ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ಹೇಳಲು ಹೋಗಿ, "ಎಲ್ಲರಿಗೂ ಏನಾದರೂ ಒಂದು ಇದ್ದೇ ಇರುತ್ತೆ" ಅಂತ ಅನ್ನಿಸಿಕೊಂಡು ಅಳುತ್ತಾ ಹೊರಗೆ ಬಂದಿದ್ದೆ. ಆಮೇಲೆ ನಾನು ತಿಳಿದುಕೊಂಡಿದ್ದೇನೆಂದರೆ, ಬರಿಗೈಯಲ್ಲಿ ಹೋಗಬಾರದು. ಗ್ಯಾಸ್ಟ್ರೋ ಡಾಕ್ಟರಿಂದ ನಾಲ್ಕು ಸಾಲಿನ ಪತ್ರ ಬರೆಸಿಕೊಳ್ಳಿ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ನಡೆಯುತ್ತಿದೆ, ಇಂತಿಂಥ ಜಾಗ ಬೇಡ, ಉಳಿದ ಎಲ್ಲ ಡ್ಯೂಟಿಗೂ ಫಿಟ್. ಕಾಯಿಲೆಯ ಹೆಸರು ಪತ್ರದಲ್ಲಿ ಇರಲೇಬೇಕು ಅಂತಿಲ್ಲ. ಒಂದು ಪ್ರತಿ ಸೋಂಕು ನಿಯಂತ್ರಣ ನೋಡಿಕೊಳ್ಳುವ ಸಿಸ್ಟರ್‌ಗೆ ಕೊಡಿ, ಅವರಿಗೆ ಇದು ಬೇಗ ಅರ್ಥವಾಗುತ್ತದೆ.

ಮಾತು ಹೀಗೆ ಶುರು ಮಾಡಬಹುದು: "ಮೇಡಂ, ಮುಂದಿನ ತಿಂಗಳ ರೋಸ್ಟರ್ ಹಾಕುವಾಗ ನನಗೆ ಚೆಸ್ಟ್ ವಾರ್ಡ್ ಬದಲು ಸರ್ಜರಿ ಅಥವಾ ಆರ್ಥೋ ಹಾಕಿಕೊಡ್ತೀರಾ? ನೈಟ್ ಎಷ್ಟು ಬರುತ್ತೋ ಅಷ್ಟೂ ಮಾಡ್ತೀನಿ." ಏನು ಬೇಡ ಅನ್ನುವುದರ ಜೊತೆಗೆ ಏನು ಮಾಡುತ್ತೇನೆ ಅಂತಲೂ ಹೇಳಿದರೆ ಅವರಿಗೂ ರೋಸ್ಟರ್ ಹಾಕುವುದು ಸುಲಭ, ಜೊತೆಯವರಿಗೂ ನಮ್ಮ ಪಾಲು ಅವರ ಮೇಲೆ ಬಿತ್ತು ಅಂತ ಅನಿಸುವುದಿಲ್ಲ.

ಏಳನೇ ಹೆಜ್ಜೆ: ಡ್ಯೂಟಿಯಲ್ಲಿ ಜ್ವರ ಬಂದರೆ

ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧದ ಮೇಲೆ ಇರುವವರಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಸಣ್ಣ ವಿಷಯ ಅಲ್ಲ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಟ್ಟಬೇಡಿ, ಅವು ಕರುಳನ್ನು ಕೆರಳಿಸಬಹುದು. ಪ್ಯಾರಸಿಟಮಾಲ್ ಸಾಕು. ಆದರೆ ಅದನ್ನು ನುಂಗಿ ಜ್ವರ ಮುಚ್ಚಿಟ್ಟು ಡ್ಯೂಟಿ ಮುಗಿಸಬೇಡಿ. ಮೊದಲು ಸಿಬಿಸಿಗೆ ರಕ್ತ ಕಳಿಸಿ, ಡ್ಯೂಟಿ ಡಾಕ್ಟರಿಗೆ ತೋರಿಸಿ, ಯಾವ ಔಷಧದ ಮೇಲಿದ್ದೀನಿ ಅಂತ ಹೇಳಿ. ಉಸಿರಾಡಲು ಕಷ್ಟವಾದರೆ, ತಲೆ ಸುತ್ತಿ ಬಿಪಿ ಇಳಿದರೆ, ಪಕ್ಕದ ಹಾಸಿಗೆ ನಿಮಗೇ ಬೇಕು ಅಂತ ಕೇಳುವುದಕ್ಕೆ ಸಂಕೋಚ ಪಡಬೇಡಿ.

ಬೆಳಿಗ್ಗೆ ಗ್ಯಾಸ್ಟ್ರೋ ಡಾಕ್ಟರಿಗೆ ಫೋನ್ ಮಾಡಿ, ಮುಂದಿನ ಡೋಸ್ ತಗೊಳ್ಳಬೇಕಾ ಮುಂದೂಡಬೇಕಾ ಅಂತ ಕೇಳಿ. ಅಜಾಥಿಯೋಪ್ರಿನ್, ಟೋಫಾಸಿಟಿನಿಬ್, ಇಂಜೆಕ್ಷನ್‌ಗಳನ್ನು ಸೋಂಕು ಜೋರಿದ್ದಾಗ ಕೆಲವು ದಿನ ನಿಲ್ಲಿಸಲು ಹೇಳುತ್ತಾರೆ. ಮತ್ತೆ ಯಾವಾಗ ಶುರು ಮಾಡಬೇಕು ಅನ್ನುವುದನ್ನೂ ಅದೇ ಫೋನಿನಲ್ಲಿ ಕೇಳಿ ಬರೆದುಕೊಳ್ಳಿ. ಪ್ರೆಡ್ನಿಸೋಲೋನ್ ಮಾತ್ರ ಯಾವ ಕಾರಣಕ್ಕೂ ದಿಢೀರ್ ನಿಲ್ಲಿಸಬೇಡಿ, ವಾರಗಟ್ಟಲೆ ಹೊರಗಿನಿಂದ ಸ್ಟೆರಾಯ್ಡ್ ಬಂದಾಗ ದೇಹ ತನ್ನದನ್ನು ತಯಾರಿಸುವುದು ಬಿಟ್ಟಿರುತ್ತದೆ, ಬಿಪಿ ಕುಸಿಯಬಹುದು.

ನನ್ನ ಐಡಿ ಕಾರ್ಡ್ ಪೌಚಿನಲ್ಲಿ, ಕಾರ್ಡಿನ ಹಿಂದೆ ಮಡಚಿದ ಒಂದು ಚೀಟಿ ಇದೆ. ಔಷಧದ ಹೆಸರು, ಡೋಸ್, ಟೈಟರ್, ಕೊನೆಯ ಸಿಬಿಸಿ ತಾರೀಕು, ಐಜಿಆರ್‌ಎ ಫಲಿತಾಂಶ, ಡಾಕ್ಟರ್ ನಂಬರ್, ಮನೆಯವರ ನಂಬರ್. ಆ ಹುಡುಗಿಗೂ ಅವತ್ತು ರಾತ್ರಿ ಅಂಥದ್ದೊಂದು ಬರೆಸಿದೆ. ಟೈಟರ್ ಅನ್ನುವ ಕಡೆ ಖಾಲಿ ಬಿಟ್ಟಿದ್ದಳು. ಬೆಳಿಗ್ಗೆ 6 ಗಂಟೆಯ ಸ್ಯಾಂಪಲ್‌ಗಳ ಜೊತೆ ಅವಳ ರಕ್ತವನ್ನೂ ನಾನೇ ತೆಗೆದು ಲ್ಯಾಬಿಗೆ ಕಳಿಸಿದೆ.